ಕುರಿಹಟ್ಟಿಗೆ ಯಾವ ಹೊತ್ತಿನಲ್ಲಿ ಹೋಗಬೇಕು?

ಪ್ರಶ್ನೆ: ಮುಳಗುಂದದ ಹತ್ತಿರ ಕಡಲೆ ಕಿತ್ತ ಎರಿಹೊಲಗಳಲ್ಲಿ ಪ್ರತಿ ವರ್ಷ ಕುರಿಗಾರರು ಹಿಂಡು ತರುಬುತ್ತಾರೆ. ಅಮೆರಿಕದ ಕೌಬಾಯ್‌ಗಳ ಹಳೆಯ ಛಾಯಾಚಿತ್ರಗಳನ್ನು ನೋಡಿದ ಮೇಲೆ ಇವರ ದುಡಿಮೆಯನ್ನೂ ಹಾಗೆ ಸೆರೆಹಿಡಿಯುವ ಆಸೆಯಾಗಿದೆ. ಎರಡು ಸಲ ಮಧ್ಯಾಹ್ನ ಹೋಗಿ ಬಂದೆ. ಎಲ್ಲರೂ ಸಾಲಾಗಿ ಸೆಟೆದು ನಿಂತರು. ಚಿತ್ರದಲ್ಲಿ ಮುಖಗಳು ಕಪ್ಪಾಗಿಯೂ ಕರಿ ಕುರಿಗಳು ಬೂದಿ ಬಣ್ಣವಾಗಿಯೂ ಬಂದವು. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಗದಗ

ಉತ್ತರ: ಕ್ಯಾಮೆರಾದ ತಪ್ಪು ಸಣ್ಣದು, ನೀವು ಹೋದ ಹೊತ್ತಿನದೇ ದೊಡ್ಡದು. ಮಧ್ಯಾಹ್ನ ಹಿಂಡು ಮೇಯುತ್ತಿರುವಾಗ ಕುರಿಗಾರರಿಗೆ ನಿಮ್ಮನ್ನು ನೋಡುತ್ತ ನಿಲ್ಲುವಷ್ಟು ಬಿಡುವಿರುತ್ತದೆ. ಬೆಳಗಿನಲ್ಲಿ ಅದು ಇರುವುದಿಲ್ಲ. ಇಬ್ಬನಿ ಆರುವ ತನಕ ಹಿಂಡನ್ನು ಹೊರಗೆ ಬಿಡದಿರುವುದರಿಂದ, ಎಳೆಬಿಸಿಲು ಅಡ್ಡವಾಗಿ ಬೀಳುವ ಆ ಹೊತ್ತಿನಲ್ಲಿಯೇ ಹಟ್ಟಿಯ ಅತ್ಯಂತ ಸೂಕ್ಷ್ಮವಾದ ಕೆಲಸ ನಡೆಯುತ್ತದೆ. ಬಲೆಯೊಳಗೆ ಕೂಡಿಟ್ಟ ಮರಿಗಳನ್ನು ಒಂದೊಂದಾಗಿ ಎತ್ತಿ ಅವುಗಳ ತಾಯಿಗೇ ಬಿಡುತ್ತಾರೆ. ಯಾವ ಮರಿ ಯಾವ ಕುರಿಯದೆಂದು ಹಟ್ಟಿಯ ಹೆಣ್ಣುಮಗಳಿಗೆ ಯಾರೂ ಹೇಳಬೇಕಾಗಿಲ್ಲ. ಮರಿಯನ್ನು ಒಲ್ಲದ ತಾಯಿಯ ಕೊರಳನ್ನು ಮೊಣಕಾಲುಗಳ ನಡುವೆ ಹಿಡಿದು, ಒಂದು ಕೈಯಿಂದ ಕೆಚ್ಚಲನ್ನು ನೀವುತ್ತ, ಇನ್ನೊಂದು ಕೈಯಿಂದ ಮರಿಯ ಬಾಯನ್ನು ಮೊಲೆಗೆ ಹಚ್ಚುವ ಆಕೆಯ ಬೆರಳುಗಳನ್ನು ನೀವು ಒಮ್ಮೆ ಹತ್ತಿರದಿಂದ ನೋಡಬೇಕು. ನಿಮ್ಮ ಚಿತ್ರ ಅಲ್ಲಿದೆ.

ನೀವು ನೆನೆದ ಕೌಬಾಯ್ ಚಿತ್ರಗಳ ಹಿಂದೆಯೂ ಇಂಥದೇ ಸಾಮೀಪ್ಯವಿದೆ. ಟೆಕ್ಸಾಸಿನಲ್ಲಿ 1886ರಲ್ಲಿ ಹುಟ್ಟಿದ ಎರ್ವಿನ್ ಸ್ಮಿತ್ ಮೂಲತಃ ಶಿಲ್ಪಿಯಾಗಲು ಹೊರಟವರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ಜಾನುವಾರುಗಳ ದೊಡ್ಡ ರ‍್ಯಾಂಚುಗಳಲ್ಲಿ ದನಗಾಹಿಗಳ ಜೊತೆಗೇ ಇದ್ದು, ಕುದುರೆಯೇರಿ ಅವರ ಕೆಲಸದಲ್ಲಿ ಕೈಗೂಡಿಸಿ ಚಿತ್ರಗಳನ್ನು ತೆಗೆದರು. ನೀವು ಕುರಿ ಕಾಯಬೇಕೆಂದೇನೂ ಇಲ್ಲ. ಆದರೆ ಮೊದಲ ಎರಡು ದಿನ ಕ್ಯಾಮೆರಾವನ್ನು ಚೀಲದಲ್ಲಿಯೇ ಬಿಟ್ಟು, ಹಿರಿಯರ ಒಪ್ಪಿಗೆ ಕೇಳಿ, ಅವರು ಕೊಟ್ಟ ಚಹಾ ಕುಡಿದು, ಬಲೆ ಸುತ್ತುವಾಗ ಒಂದು ತುದಿ ಹಿಡಿಯಿರಿ. ಹೆಣ್ಣುಮಕ್ಕಳ ಚಿತ್ರಕ್ಕೆ ಅವರನ್ನೇ ಬೇರೆಯಾಗಿ ಕೇಳುವುದು ಅಗತ್ಯ.

ಇನ್ನು ಬಣ್ಣದ ವಿಷಯ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರು ಎದುರಿಗಿರುವ ಎಲ್ಲವನ್ನೂ ನಡುಬೂದಿಯೆಂದು ತಿಳಿಯುತ್ತದೆ. ನಮ್ಮ ದಖನಿ ಕುರಿಗಳು ಬಹುಮಟ್ಟಿಗೆ ಕಪ್ಪು. ಅವೇ ಚೌಕಟ್ಟನ್ನು ತುಂಬಿದಾಗ ಮೀಟರು ಬೆಳಕನ್ನು ಅನಗತ್ಯವಾಗಿ ಹೆಚ್ಚಿಸುವುದರಿಂದ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಒದಗುವ ಬೆಳಕನ್ನು, ಸುಮಾರು ಒಂದು ಸ್ಟಾಪ್ (ಅರ್ಧಕ್ಕೆ) ಇಳಿಸಿರಿ. ರುಮಾಲಿನ ನೆರಳಿನಲ್ಲಿರುವ ಮುಖದ ಹಿಂದೆ ಬಿಳಿ ಆಕಾಶವಿದ್ದಾಗ ಇದಕ್ಕೆ ವಿರುದ್ಧವಾಗಿ ಒಂದು ಸ್ಟಾಪ್ (ಎರಡರಷ್ಟು) ಏರಿಸಿರಿ, ಇಲ್ಲವೇ ಚೌಕಟ್ಟಿನ ಒಂದು ಸಣ್ಣ ಭಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗಿನಿಂದ ಮುಖವನ್ನು ಅಳೆಯಿರಿ. ಹಿಂಡು ಓಡುವಾಗ 1/500 ಸೆಕೆಂಡಿಗಿಂತ ನಿಧಾನವಾದ ಶಟರ್ ಬೇಡ. ಸಂಜೆ ಹಿಂಡು ಮರಳುವಾಗ ಸೂರ್ಯನಿಗೆ ಎದುರಾಗಿ ನಿಂತರೆ ಎದ್ದ ದೂಳೇ ಬೆಳಕಾಗುತ್ತದೆ. ರಾತ್ರಿ ಫ್ಲಾಶ್ ಹಾಕಲೇಬೇಡಿ; ಒಂದು ಕುರಿ ಬೆದರಿದರೂ ಇಡೀ ಹಿಂಡು ಬಲೆ ಕಿತ್ತುಕೊಂಡು ಓಡೀತು.

ದಸರೆಯಲ್ಲಿ ದೇವರಗುಡ್ಡದ ಗೊರವಪ್ಪಗಳ ಸುತ್ತ ಎಷ್ಟು ಕ್ಯಾಮೆರಾಗಳು ಸೇರುತ್ತವೆಯೋ ಅದರಲ್ಲಿ ಒಂದಾದರೂ ಉಣ್ಣೆ ಕತ್ತರಿಸುವ ದಿನ ಹಟ್ಟಿಗೆ ಬರಬಾರದೇ ಎಂದು ನನಗೆ ಬಹಳ ಸಲ ಅನಿಸಿದೆ. ಆ ಉಣ್ಣೆಯ ಜಾಡು ಹಿಡಿದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯ ಕಂಬಳಿ ಮಗ್ಗದವರೆಗೂ ಹೋದರೆ ನಿಮ್ಮ ಚಿತ್ರಮಾಲೆಗೆ ಒಂದು ನಡೆ ಸಿಗುತ್ತದೆ.

ಕುರಿಗಳ್ಳತನದ ಭಯ ಈ ಜನರಿಗೆ ದಿನದ ಮಾತಾಗಿರುವುದರಿಂದ, ಹಿಂಡು ಅಲ್ಲಿರುವಾಗಲೇ ಹೊಲದ ಗುರುತು ಸಿಗುವ ಚಿತ್ರಗಳನ್ನು ಹಂಚಬೇಡಿ. ಮೊಬೈಲಿನ ಸ್ಥಳಗುರುತನ್ನೂ ಆರಿಸಿಡಿ. ಅವರ ಊರು ಮತ್ತು ಫೋನ್ ಸಂಖ್ಯೆಯನ್ನು ಬರೆದುಕೊಂಡಿರಿ. ಹಟ್ಟಿ ಕೀಳುವ ಮೊದಲೇ ಗದಗಿನಲ್ಲಿ ಚಿತ್ರಗಳನ್ನು ಮುದ್ರಿಸಿ, ಮನೆಗೊಂದರಂತೆ ಅವರ ಕೈಗೆ ಕೊಡಿ.