ಉಗಾಂಡಾಕ್ಕೆ ಹೋಗಿ ಗಣಿತ ಮಾಡಲು ಹಣ

ಕೆನಡಾದಲ್ಲಿರುವ ನಿಮ್ಮ ಉಗಾಂಡಾದ ಸಹೋದ್ಯೋಗಿಗೆ ತಮ್ಮ ದೇಶದ ವಿಶ್ವವಿದ್ಯಾಲಯದ ಜೊತೆ ಸಂಶೋಧನೆ ಮಾಡಲು ಯಾರು ಹಣ ಕೊಡುತ್ತಾರೆ ಅಂತ ಕೇಳಿದ್ದೀರಿ ಅಲ್ವಾ? ಮೊದಲು ಐಎಂಯು, ಅಂದರೆ ಅಂತಾರಾಷ್ಟ್ರೀಯ ಗಣಿತ ಒಕ್ಕೂಟದ ಯೋಜನೆಗಳನ್ನು ನೋಡಿ. ಹೊರದೇಶದಲ್ಲಿ ನೆಲೆಸಿದ ಆಫ್ರಿಕನ್ ಗಣಿತಜ್ಞರಿಗಾಗಿಯೇ ಅಲ್ಲಿ ಒಂದು ಯೋಜನೆ ಇದೆ.

2013ರಲ್ಲಿ ಶುರುವಾದ ಕಾರ್ನೆಗಿ ಆಫ್ರಿಕನ್ ಡಯಾಸ್ಪೊರಾ (ಹೊರದೇಶದಲ್ಲಿ ನೆಲೆಸಿದ ಆಫ್ರಿಕನ್ನರ) ಫೆಲೋಶಿಪ್ 14ರಿಂದ 90 ದಿನಗಳ ಭೇಟಿಗೆ ನೆರವು ಕೊಡುವಂಥದ್ದು, ಅದರಲ್ಲಿ ಉಗಾಂಡಾವೂ ಸೇರಿದೆ, ಆದರೆ ಅರ್ಜಿ ಈಗ ತೆರೆದಿದೆಯಾ ಅಂತ ನೋಡಿಕೊಳ್ಳಿ. ಅಲ್ಲಿ ಯೋಜನೆಯ ಬೇಡಿಕೆ ಸಲ್ಲಿಸಬೇಕಾದದ್ದು ಆತಿಥೇಯ ವಿಶ್ವವಿದ್ಯಾಲಯ, ಅಂದರೆ ಅವರು ಹೋಗಲಿರುವ ಉಗಾಂಡಾದ ವಿಶ್ವವಿದ್ಯಾಲಯ. ಹಾಗಾಗಿ ನಿಮ್ಮ ಸಹೋದ್ಯೋಗಿ ಅಲ್ಲಿನ ಗಣಿತ ವಿಭಾಗದ ಒಬ್ಬರ ಜೊತೆ ಈಗಲೇ ಮಾತಾಡಲಿ. ಬೇಡಿಕೆಯಲ್ಲಿ ಬರೀ ಉಪನ್ಯಾಸ ಅಂತ ಬರೆಯಬೇಡಿ, ಯಾವ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಜೊತೆಯಾಗಿ ಮಾರ್ಗದರ್ಶನ ಮಾಡುತ್ತಾರೆ, ವಾಪಸ್ ಬಂದ ಮೇಲೂ ಕೆಲಸ ಹೇಗೆ ಮುಂದುವರಿಯುತ್ತದೆ ಅಂತ ಬರೆಯಿರಿ.