ಭುಜದ ನೋವು: ಸ್ಕ್ಯಾನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ

ಕ್ರೀಡಾಕೂಟಗಳ ಕಾಲವಾದ್ದರಿಂದ ಈ ಸಲ ಬಂದ ಪತ್ರಗಳಲ್ಲಿ ಭುಜದ ತೊಂದರೆಗಳದ್ದೇ ದೊಡ್ಡ ಪಾಲು. ತುಂಬ ಮಂದಿ ಎಂಆರ್‌ಐ ವರದಿಯ ಫೋಟೊ ಕಳಿಸಿದ್ದಾರೆ. ಪೆಟ್ಟು ಬಿದ್ದಾಗ ಕೈ ಯಾವ ಭಂಗಿಯಲ್ಲಿತ್ತು, ಈಗ ಯಾವ ಕೆಲಸ ಮಾಡಲು ಆಗುತ್ತಿಲ್ಲ ಎಂದು ಬರೆದವರು ಮಾತ್ರ ಕಡಿಮೆ. ನನಗೆ ಮೊದಲು ಬೇಕಾದದ್ದು ಆ ವಿವರ. ವರದಿಯನ್ನು ಆಮೇಲೆ ನೋಡಬಹುದು.

ಪ್ರಶ್ನೆ: ನಾನು ಪಿಯು ಕಾಲೇಜಿನ ದೈಹಿಕ ಶಿಕ್ಷಣ ಉಪನ್ಯಾಸಕ. ನಮ್ಮ ಕಬಡ್ಡಿ ತಂಡದ 18 ವರ್ಷದ ಹುಡುಗ ರೈಡರ್‌ನನ್ನು ಹಿಡಿಯಲು ಕೈ ಚಾಚಿದಾಗ ಭುಜ ಜಾರಿತು. ಜೊತೆಯ ಹುಡುಗರೇ ಎಳೆದು ಕೂರಿಸಿಬಿಟ್ಟರು. ಮೂರು ವಾರವಾಯಿತು, ನೋವಿಲ್ಲ ಎನ್ನುತ್ತಾನೆ. ಮುಂದಿನ ತಿಂಗಳು ಜಿಲ್ಲಾ ಮಟ್ಟದ ಪಂದ್ಯವಿದೆ. ಆಡಿಸಬಹುದೇ? ಇಂಥ ಪೆಟ್ಟಾದಾಗ ಅಂಕಣದಲ್ಲೇ ನಾನು ಏನು ನೋಡಬೇಕು?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಆಡಿಸಬೇಡಿ ಮೇಷ್ಟ್ರೇ. ಕಾರಣ ಆಮೇಲೆ ಹೇಳುತ್ತೇನೆ. ಪಂದ್ಯ ಹತ್ತಿರ ಬಂದಾಗ ಉತ್ತರವನ್ನು ಪೂರ್ತಿ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ತೋಳಿನ ಮೂಳೆಯ ಮೇಲ್ತುದಿಯ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು. ಬಾಟಲಿ ಮುಚ್ಚಳದ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುವುದೂ ಸುಲಭ. ಗುಳಿಯ ಸುತ್ತ ಲೇಬ್ರಮ್ ಎಂಬ ಗಟ್ಟಿ ಅಂಚು ಇದೆ. ಭುಜ ಜಾರುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಅದು ಜಾರುವುದು ಮುಂದಕ್ಕೆ. ಆಗ ಈ ಅಂಚು ಮೂಳೆಯಿಂದ ಕಿತ್ತು ಬರುತ್ತದೆ, ಇದಕ್ಕೆ ಬ್ಯಾಂಕಾರ್ಟ್ ಗಾಯ ಎನ್ನುತ್ತಾರೆ. ಗುಂಡಿನ ಹಿಂಬದಿ ಗುಳಿಯ ಅಂಚಿಗೆ ಬಡಿದು ತಗ್ಗು ಬೀಳುವುದೂ ಉಂಟು. ಮೂಳೆಯನ್ನು ಜಾಗಕ್ಕೆ ಕೂರಿಸಿದ ಕೂಡಲೇ ನೋವು ಇಳಿಯುತ್ತದೆ, ಆದರೆ ಕಿತ್ತ ಅಂಚು ಕಿತ್ತೇ ಇರುತ್ತದೆ. ನಿಮ್ಮ ಹುಡುಗ ನೋವಿಲ್ಲ ಎಂದಾಗ ಸುಳ್ಳು ಹೇಳುತ್ತಿಲ್ಲ. ಆ ಮಾತಿನಿಂದ ಭುಜ ಗಟ್ಟಿಯಾಗಿದೆ ಎಂದು ಮಾತ್ರ ತಿಳಿಯಬೇಡಿ. 20 ವರ್ಷದೊಳಗೆ ಮೊದಲ ಸಲ ಭುಜ ಜಾರಿ, ಮೈಗೆ ಮೈ ತಾಗುವ ಆಟಕ್ಕೇ ಮರಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮತ್ತೆ ಜಾರುತ್ತದೆ. ಹಾಗೆ ಜಾರಿದಾಗಲೆಲ್ಲ ಗುಳಿಯ ಮೂಳೆ ಇನ್ನಷ್ಟು ಸವೆಯುತ್ತದೆ.

ಶ್ರೇಯಸ್ ಅಯ್ಯರ್ ಅವರದನ್ನು ನೆನಪಿಸಿಕೊಳ್ಳಿ. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧದ ಏಕದಿನ ಪಂದ್ಯದಲ್ಲಿ ಚೆಂಡು ತಡೆಯಲು ಹಾರಿದಾಗ ಅವರ ಎಡಭುಜಕ್ಕೆ ಪೆಟ್ಟಾಯಿತು. ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಐಪಿಎಲ್‌ಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ಎಲ್ಲ ಸೌಲಭ್ಯವಿದ್ದ ಆಟಗಾರನಿಗೇ ಅಷ್ಟು ತಿಂಗಳು ಹಿಡಿಯಿತು.

ಹುಡುಗನನ್ನು ಮೂಳೆ ತಜ್ಞರ ಹತ್ತಿರ ಕರೆದೊಯ್ಯಿರಿ. ಅವರು ಅವನನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ 90 ಡಿಗ್ರಿ ಎತ್ತಿ, ಚೆಂಡು ಎಸೆಯುವ ಭಂಗಿಗೆ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾರೆ. ಆಗ ಗಮನಿಸಬೇಕಾದದ್ದು ನೋವಿಗಿಂತ ಹೆಚ್ಚಾಗಿ ಅಳುಕನ್ನು. 'ಬೇಡ ಸಾರ್, ಜಾರುತ್ತೆ' ಎಂದು ಅವನು ಮೈ ಬಿಗಿ ಹಿಡಿದು, ಗುಂಡನ್ನು ಮುಂದಿನಿಂದ ಅಂಗೈಯಲ್ಲಿ ಒತ್ತಿ ಹಿಡಿದ ಕೂಡಲೇ ಸಡಿಲಗೊಂಡರೆ ಭುಜ ಇನ್ನೂ ಅಸ್ಥಿರವಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ನೀವು ಮಾಡಿ ನೋಡಬೇಡಿ. ಎಕ್ಸ್‌-ರೇ ಅಂತೂ ಬೇಕೇ ಬೇಕು, ಲೇಬ್ರಮ್ ನೋಡಲು ಎಂಆರ್‌ಐ ಕೂಡ ಬೇಕಾಗಬಹುದು. ಈ ವಯಸ್ಸಿನ ಕಬಡ್ಡಿ ಆಟಗಾರನ ವಿಷಯದಲ್ಲಿ ಮೊದಲ ಸಲ ಜಾರಿದಾಗಲೇ ಶಸ್ತ್ರಚಿಕಿತ್ಸೆಯ ಮಾತು ತೆಗೆಯುವ ವೈದ್ಯರಿದ್ದಾರೆ. ಅದು ದುಡ್ಡಿಗಾಗಿ ಹೇಳುವ ಮಾತು ಎಂದುಕೊಳ್ಳಬೇಡಿ, ಹಾಗೆ ಹೇಳಲು ಕಾರಣವಿದೆ.

ಇನ್ನು ಅಂಕಣದ ವಿಷಯ. ಮೊದಲು ಕೇಳಬೇಕಾದದ್ದು ಬಿದ್ದದ್ದು ಹೇಗೆ ಎಂದು. ಕೈ ಪಕ್ಕಕ್ಕೆ ಚಾಚಿ ಹಿಂದಕ್ಕೆ ತಿರುಚಿದ್ದರೆ ಕೀಲು ಜಾರಿರುವ ಅನುಮಾನ. ಅಂಗಿ ಸರಿಸಿ ಎರಡೂ ಭುಜ ಹೋಲಿಸಿ ನೋಡಿ. ಜಾರಿದ ಕಡೆ ಭುಜದ ದುಂಡು ಹೋಗಿ ಚಪ್ಪಟೆಯಾಗಿರುತ್ತದೆ, ಹುಡುಗ ಇನ್ನೊಂದು ಕೈಯಿಂದ ಆ ಕೈಯನ್ನು ಎತ್ತಿ ಹಿಡಿದುಕೊಂಡಿರುತ್ತಾನೆ. ಆಗ ಎಳೆಯಬೇಡಿ, ಯಾರಿಗೂ ಎಳೆಯಲು ಬಿಡಬೇಡಿ. ಒಳಗೆ ಮೂಳೆಯೂ ಮುರಿದಿದ್ದರೆ ಎಳೆದಾಗ ಅದು ಇನ್ನಷ್ಟು ಸರಿಯುತ್ತದೆ, ನರಕ್ಕೂ ಪೆಟ್ಟು. ಪೊಲೀಸರು ತೋಳಿನ ಮೇಲೆ ಪಟ್ಟಿ ಹಾಕುವ ಜಾಗವನ್ನು ಬೆರಳಿನಿಂದ ಮುಟ್ಟಿ, ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆಯೇ ಎಂದು ಕೇಳಿ. ಅಲ್ಲಿ ಮರಗಟ್ಟಿದ್ದರೆ ಆಕ್ಸಿಲರಿ ನರಕ್ಕೆ ಪೆಟ್ಟಾಗಿರಬಹುದು. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ, ಬೆರಳು ಆಡಿಸಲು ಹೇಳಿ. ಇಷ್ಟನ್ನು ಗುರುತು ಹಾಕಿಕೊಂಡು, ಇದ್ದ ಭಂಗಿಯಲ್ಲೇ ಟವೆಲ್ಲಿನಿಂದ ಕೈಗೆ ಆಸರೆ ಕಟ್ಟಿ ಆಸ್ಪತ್ರೆಗೆ ಕಳಿಸಿ. ಕೂರಿಸುವ ಮೊದಲೂ ನಂತರವೂ ನರ ನೋಡಿರಬೇಕು. ಇಲ್ಲದಿದ್ದರೆ ಪೆಟ್ಟು ಯಾವಾಗ ಆದದ್ದು ಎಂಬ ಜಗಳ ಆಮೇಲೆ ಮುಗಿಯುವುದಿಲ್ಲ. ಎಳೆದು ಕೂರಿಸುವ, ಎಣ್ಣೆ ಹಚ್ಚಿ ತಿಕ್ಕುವ ಶೂರರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರನ್ನು ದೂರ ಇಡುವುದೂ ನಿಮ್ಮ ಕೆಲಸವೇ.

ಭುಜದ ತುದಿಯೇ ನೆಲಕ್ಕೆ ಬಡಿದಿದ್ದರೆ ಕಥೆ ಬೇರೆ. ಕಾಲರ್ ಬೋನ್ ಹೊರತುದಿಯಲ್ಲಿ ಸೇರುವ ಎಸಿ ಕೀಲಿಗೆ ಪೆಟ್ಟಾಗಿರುತ್ತದೆ. ಮೇಲ್ಗಡೆ ಒಂದು ಮೆಟ್ಟಿಲಿನಂತೆ ಉಬ್ಬು ಕಾಣಬಹುದು. ಆ ಒಂದು ಬೆರಳಿನಷ್ಟು ಜಾಗ ಒತ್ತಿದರೆ ನೋವು, ಕೈಯನ್ನು ಎದೆಗೆ ಅಡ್ಡಲಾಗಿ ಇನ್ನೊಂದು ಭುಜದತ್ತ ಒಯ್ದರೆ ನೋವು. ಇದರಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತವೆ.

ಮೂರು ಸಂದರ್ಭಗಳಲ್ಲಿ ತಡ ಮಾಡಬೇಡಿ. ರಾಶಿ ಬಿದ್ದಾಗ ಅಡಿಯಲ್ಲಿ ಸಿಕ್ಕಿದವನಿಗೆ ಕಾಲರ್ ಬೋನಿನ ಒಳತುದಿಯಲ್ಲಿ, ಕುತ್ತಿಗೆಯ ಬುಡದಲ್ಲಿ ನೋವಿದ್ದು ಉಸಿರಾಡಲು, ನುಂಗಲು ಕಷ್ಟವಾದರೆ ಆ ಮೂಳೆ ಹಿಂದಕ್ಕೆ ಸರಿದಿರಬಹುದು. ಹೊಟ್ಟೆಗೋ ಎಡ ಪಕ್ಕೆಲುಬಿಗೋ ಮಂಡಿಯೇಟು ಬಿದ್ದು, ಭುಜಕ್ಕೆ ಏನೂ ತಾಗದೆಯೂ ಎಡಭುಜದ ತುದಿ ನೋಯುತ್ತಿದ್ದರೆ ಅದು ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದ ಸ್ಪ್ಲೀನ್, ಒಡೆದ ಸೂಚನೆಯಾಗಿರಬಹುದು. ಒಂದು ಕೈಗೆ ಕ್ಷಣಕಾಲ ಬೆಂಕಿ ಹತ್ತಿದಂತಾಗಿ ಸರಿಹೋಗುವುದು ಕುತ್ತಿಗೆಯ ನರ ಎಳೆದದ್ದರಿಂದ, ಆ ದಿನ ಆಟ ಸಾಕು. ಎರಡೂ ಕೈಗೆ ಹಾಗಾದರೆ ಕುತ್ತಿಗೆ ಅಲುಗಿಸದೆ ಆಂಬ್ಯುಲೆನ್ಸ್ ಕರೆಸಿ.

ಪ್ರಶ್ನೆ: ವಯಸ್ಸು 36, ಐಟಿ ಉದ್ಯೋಗಿ. ವಾರಕ್ಕೆ ನಾಲ್ಕು ದಿನ ಬ್ಯಾಡ್ಮಿಂಟನ್ ಆಡುತ್ತೇನೆ. ಕೆಲವು ತಿಂಗಳಿಂದ ಸ್ಮ್ಯಾಷ್ ಹೊಡೆದರೆ ಬಲಭುಜ ನೋವು, ಆ ಮಗ್ಗುಲಲ್ಲಿ ಮಲಗಲು ಆಗುವುದಿಲ್ಲ. ಎಂಆರ್‌ಐನಲ್ಲಿ 'ಸುಪ್ರಾಸ್ಪೈನೇಟಸ್ ಭಾಗಶಃ ಹರಿದಿದೆ, ಇಂಪಿಂಜ್‌ಮೆಂಟ್' ಎಂದಿದೆ. ಮೂಳೆ ಕೆರೆದು ಜಾಗ ಮಾಡಬೇಕು ಎಂದು ಒಬ್ಬ ವೈದ್ಯರು ಹೇಳಿದ್ದಾರೆ. ಹೆದರಿಕೆಯಾಗಿದೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: 'ಹರಿದಿದೆ' ಎಂಬ ಪದ ನೋಡಿಯೇ ನೀವು ಅರ್ಧ ಸೋತಿದ್ದೀರಿ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ತಲೆಯ ಮೇಲಿಂದ ಕೈ ಬೀಸುವ 20 ಆಟಗಾರರಿಗೆ ಸ್ಕ್ಯಾನ್ ಮಾಡಿದರು. ಯಾರಿಗೂ ನೋವಿರಲಿಲ್ಲ. ಆದರೂ 8 ಮಂದಿಯ ಆಡುವ ಕೈಯ ಭುಜದಲ್ಲಿ ರೊಟೇಟರ್ ಕಫ್ ಸ್ವಲ್ಪವೋ ಪೂರ್ತಿಯೋ ಹರಿದಂತೆ ಕಂಡಿತು. ಇನ್ನೊಂದು ಭುಜದಲ್ಲಿ ಒಬ್ಬರಿಗೂ ಇಲ್ಲ. ವರ್ಷಗಟ್ಟಲೆ ಆಡಿದ ಭುಜದ ಗುರುತು ಅದು. ನಿಮ್ಮ ನೋವಿಗೂ ಅದೇ ಕಾರಣ ಎಂದು ಚಿತ್ರವೊಂದೇ ಹೇಳಲಾರದು.

ರೊಟೇಟರ್ ಕಫ್ ಎಂದರೆ ಗುಂಡನ್ನು ಗುಳಿಯ ನಡುವೆ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪು. ಅದರಲ್ಲಿ ಹೆಚ್ಚು ಸುಸ್ತಾಗುವುದು ಮೇಲ್ಗಡೆಯ ಸುಪ್ರಾಸ್ಪೈನೇಟಸ್. ಕನ್ನಡಿ ಮುಂದೆ ನಿಂತು ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಿ. 60ರಿಂದ 120 ಡಿಗ್ರಿಯ ನಡುವೆ ನೋವು ಬಂದು, ಆಮೇಲೆ ಕಡಿಮೆಯಾದರೆ ರೊಟೇಟರ್ ಕಫ್‌ನದ್ದು. ಕೈ ಪೂರ್ತಿ ಮೇಲೆ ಹೋದಾಗ ಮಾತ್ರ ಭುಜದ ನೆತ್ತಿಯಲ್ಲಿ ನೋವಾದರೆ ಎಸಿ ಕೀಲಿನ ಕಡೆ ಅನುಮಾನ. ಮೊಣಕೈ ಸೊಂಟಕ್ಕೆ ಒತ್ತಿ ಹಿಡಿದು, ಮುಂಗೈಯನ್ನು ಹೊರಕ್ಕೆ ತಳ್ಳಿ, ಇನ್ನೊಬ್ಬರು ತಡೆಯಲಿ. ಎರಡೂ ಕಡೆ ಬಲ ಸಮ ಇದೆಯೇ? ಇನ್ನೊಬ್ಬರು ನಿಮ್ಮ ಕೈಯನ್ನು ಹೊರಕ್ಕೆ ತಿರುಗಿಸಿದರೂ ತಿರುಗದೆ ಬಿಗಿದುಕೊಂಡಿದ್ದರೆ ಅದು ಹಿಡಿದುಕೊಂಡ ಭುಜ, ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಹಾಗಾಗಿ ಸಕ್ಕರೆ ಪರೀಕ್ಷೆಯೂ ಆಗಲಿ. ಕುತ್ತಿಗೆ ತಿರುಗಿಸಿದಾಗ ನೋವು ಮೊಣಕೈ ದಾಟಿ ಬೆರಳಿಗೆ ಇಳಿದರೆ ಭುಜ ನಿರಪರಾಧಿ, ತೊಂದರೆ ಕುತ್ತಿಗೆಯದ್ದು.

ಇನ್ನು ಮೂಳೆ ಕೆರೆಯುವ ವಿಷಯ. ಇಂಪಿಂಜ್‌ಮೆಂಟ್ ಎಂದರೆ ಕೈ ಎತ್ತಿದಾಗ ಈ ಸ್ನಾಯುವಿನ ತುದಿ ಮೇಲಿನ ಮೂಳೆಯ ಅಡಿ ಸಿಕ್ಕಿ ಒತ್ತುವುದು, ಅದಕ್ಕೆ ಜಾಗ ಮಾಡಲು ಆ ಮೂಳೆ ಕೆರೆಯುತ್ತಾರೆ. 2018ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 313 ರೋಗಿಗಳಿದ್ದರು. ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ಒಳಗೆ ಕ್ಯಾಮೆರಾ ಹಾಕಿ ಬರೀ ನೋಡಿದರು, ಉಳಿದವರಿಗೆ ಏನೂ ಮಾಡಲಿಲ್ಲ. ಆರು ತಿಂಗಳ ಬಳಿಕ ಕೆರೆಸಿಕೊಂಡವರಿಗೂ ಬರೀ ನೋಡಿಸಿಕೊಂಡವರಿಗೂ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಹಾಗಾಗಿ ನೀವು ಬರೆದಿರುವ ಲಕ್ಷಣಗಳಿಗೆ ನಾನಾದರೆ ಮೊದಲು ಮೂರು ತಿಂಗಳು ಸರಿಯಾದ ವ್ಯಾಯಾಮ ಮಾಡಿಸುತ್ತೇನೆ. ಎಲಾಸ್ಟಿಕ್ ಬ್ಯಾಂಡ್ ಹಿಡಿದು ಹೊರತಿರುವು, ಬೆನ್ನಿನ ಹಲಗೆ ಮೂಳೆಯ ಸುತ್ತಲಿನ ಸ್ನಾಯುಗಳಿಗೆ ಬಲ, ಆಮೇಲೆ ತಲೆಯ ಮೇಲಿನ ಭಾರ. ಫಿಸಿಯೋಥೆರಪಿ ಎಂದು ಹತ್ತು ದಿನ ಮೆಷಿನ್ ಶಾಖ ಕೊಟ್ಟು ಕಳಿಸುವುದನ್ನು ನಾನು ವ್ಯಾಯಾಮ ಎಂದು ಲೆಕ್ಕ ಹಿಡಿಯುವುದಿಲ್ಲ. ಆಟ ಪೂರ್ತಿ ಬಿಡಬೇಕಿಲ್ಲ. ಸ್ಮ್ಯಾಷ್ ಬಿಟ್ಟು ನೆಟ್ ಆಟ ಆಡಿ, ನಾಲ್ಕು ದಿನವನ್ನು ಎರಡು ಮಾಡಿ. ಮಾಡಿದ ದಿನದ ನೋವು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಭಾರ ಸರಿಯಿದೆ.

ಆದರೆ ನೀವು ಬಿದ್ದು, ಅವತ್ತಿನಿಂದಲೇ ಕೈ ಎತ್ತಲಾಗದೆ, ಇನ್ನೊಬ್ಬರು ಎತ್ತಿ ಬಿಟ್ಟ ಕೂಡಲೇ ಕೈ ಧಪ್ಪನೆ ಕೆಳಗೆ ಬೀಳುವಂತಿದ್ದರೆ ಈ ಸಲಹೆ ನಿಮಗಲ್ಲ. ಅದು ಪೂರ್ತಿ ಹರಿದಿರುವ ಲಕ್ಷಣ. ಆಗ ತಿಂಗಳುಗಟ್ಟಲೆ ಕಾಯದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಅಕಾಡೆಮಿಯಲ್ಲಿ ವೇಗದ ಬೌಲರ್, ಬೌಂಡರಿಯಿಂದ ಎಸೆಯುವುದೂ ಅವನೇ. ಬಲ ತೋಳಿನ ಮೇಲ್ಭಾಗ ನೋವು ಎನ್ನುತ್ತಾನೆ. ಕೋಚ್ 'ಸ್ನಾಯು ನೋವು, ಐಸ್ ಇಡಿ' ಎಂದರು.
— ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಮಕ್ಕಳ ವಿಷಯದಲ್ಲಿ ನಾನು ಮೊದಲು ಅನುಮಾನಿಸುವುದು ಮೂಳೆಯನ್ನು. ತೋಳಿನ ಮೂಳೆ ಉದ್ದಕ್ಕೆ ಬೆಳೆಯುವುದರಲ್ಲಿ ನೂರಕ್ಕೆ ಸುಮಾರು 80 ಭಾಗ ಭುಜದ ಹತ್ತಿರದ ಬೆಳವಣಿಗೆಯ ಪದರದಿಂದಲೇ. ಮತ್ತೆ ಮತ್ತೆ ಎಸೆಯುವುದರಿಂದ ಆ ಮೆತ್ತನೆಯ ಪದರ ಅಗಲವಾಗಿ ನೋಯತೊಡಗುತ್ತದೆ. ಬೇಸ್‌ಬಾಲ್ ಆಡುವ ಅಮೆರಿಕದಲ್ಲಿ ಇದು ಮಾಮೂಲು, ಅಲ್ಲಿ 'ಲಿಟಲ್ ಲೀಗ್ ಶೋಲ್ಡರ್' ಎನ್ನುತ್ತಾರೆ. ಎರಡೂ ಭುಜದ ಎಕ್ಸ್‌-ರೇ ತೆಗೆಸಿ ಹೋಲಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಹಾಗಿದ್ದರೆ ಸುಮಾರು ಮೂರು ತಿಂಗಳು ಬೌಲಿಂಗೂ ಇಲ್ಲ, ಎಸೆತವೂ ಇಲ್ಲ. ಓಡಲಿ, ಕಾಲು-ಸೊಂಟಕ್ಕೆ ಬಲ ಬರುವ ವ್ಯಾಯಾಮ ಮಾಡಲಿ. ಮರಳುವಾಗ ಎಸೆತಗಳನ್ನು ಲೆಕ್ಕ ಇಟ್ಟು ವಾರ ವಾರ ಏರಿಸಬೇಕು. ಓವರ್ ಲೆಕ್ಕ ಎಲ್ಲ ಕೋಚ್‌ಗಳೂ ಇಡುತ್ತಾರೆ, ಫೀಲ್ಡಿಂಗ್ ಅಭ್ಯಾಸದ ಎಸೆತಗಳ ಲೆಕ್ಕ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನೀವೇ ಕೇಳಿ. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ ಎಕ್ಸ್‌-ರೇ ನಾಳೆಗೆ ಬೇಡ, ಇವತ್ತೇ ಆಗಲಿ.

ಪ್ರಶ್ನೆ: ವಾಲಿಬಾಲ್ ಸ್ಪೈಕರ್. ನೋವೇನೂ ಇಲ್ಲ. ಆದರೆ ಬಲಭುಜದ ಹಿಂದೆ, ಹಲಗೆ ಮೂಳೆಯ ಮೇಲೆ ತಗ್ಗು ಬಿದ್ದಿದೆ ಎಂದು ಗೆಳೆಯರು ಹೇಳುತ್ತಾರೆ.
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಗೆಳೆಯರ ಕಣ್ಣು ಚುರುಕಾಗಿದೆ. ಅಲ್ಲಿರುವ ಇನ್‌ಫ್ರಾಸ್ಪೈನೇಟಸ್ ಸ್ನಾಯು ಬತ್ತಿದೆ. ಅದಕ್ಕೆ ಹೋಗುವ ಸುಪ್ರಾಸ್ಕ್ಯಾಪುಲರ್ ನರ, ಹಲಗೆ ಮೂಳೆಯ ಅಂಚನ್ನು ಬಳಸಿ ತಿರುಗುವ ಕಡೆ, ಸರ್ವ್ ಮತ್ತು ಸ್ಪೈಕ್ ಹೊಡೆಯುವಾಗ ಎಳೆಯಲ್ಪಡುತ್ತದೆ. ವಾಲಿಬಾಲ್ ಆಟಗಾರರಲ್ಲಿ ಇದು ಚೆನ್ನಾಗಿ ಗೊತ್ತಿರುವ ತೊಂದರೆ, ಎಷ್ಟೋ ಮಂದಿ ನೋವಿಲ್ಲದೆ ಆಡುತ್ತಲೇ ಇರುತ್ತಾರೆ. ಹೊರತಿರುವಿನ ಬಲ ಮಾತ್ರ ಕುಗ್ಗಿರುತ್ತದೆ. ಎಂಆರ್‌ಐ ನಿಜವಾಗಿ ಬೇಕಾಗುವುದು ಇಂಥಲ್ಲಿ: ಲೇಬ್ರಮ್ ಪಕ್ಕ ನೀರುಗುಳ್ಳೆ ಬೆಳೆದು ನರವನ್ನು ಒತ್ತುತ್ತಿದೆಯೇ ಎಂದು ನೋಡಲು. ಜೊತೆಗೆ ನರದ ಪರೀಕ್ಷೆ. ಗುಳ್ಳೆ ಇದ್ದರೆ ಅದನ್ನು ತೆಗೆಯುವ ದಾರಿಯಿದೆ. ಇಲ್ಲದಿದ್ದರೆ ಉಳಿದ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡು ಆಡಬಹುದು.

ಪ್ರಶ್ನೆ: ಜಿಮ್‌ನಲ್ಲಿ ಬೆಂಚ್ ಪ್ರೆಸ್ ಮಾಡುವಾಗ ಕಂಕುಳ ಹತ್ತಿರ 'ಟಪ್' ಎಂದಿತು. ತೋಳಿನ ಒಳಗೆಲ್ಲ ನೀಲಿಗಟ್ಟಿದೆ. ಒಂದು ವಾರವಾಯಿತು, ನೋವು ಕಡಿಮೆಯಾಗುತ್ತಿದೆ. ಕಾಯಲೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಕನ್ನಡಿ ಮುಂದೆ ಎರಡೂ ಅಂಗೈ ಎದೆಯೆದುರು ಜೋಡಿಸಿ ಒತ್ತಿ, ಕಂಕುಳ ಮುಂದಿನ ಮಡಿಕೆ ನೋಡಿ. ಒಂದು ಕಡೆ ತೆಳುವಾಗಿದ್ದರೆ ಎದೆಯ ದೊಡ್ಡ ಸ್ನಾಯು ತೋಳಿನ ಮೂಳೆಯಿಂದ ಕಿತ್ತಿರುವ ಸಾಧ್ಯತೆ ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಅದನ್ನು ಮತ್ತೆ ಹೊಲಿಯುವುದು ಸುಲಭ, ತಡವಾದಷ್ಟೂ ಸ್ನಾಯು ಒಳಕ್ಕೆ ಸೇದಿಕೊಂಡು ಕಷ್ಟವಾಗುತ್ತದೆ. ಈ ವಾರವೇ ಭುಜದ ಶಸ್ತ್ರಚಿಕಿತ್ಸಕರನ್ನು ಕಾಣಿ. ಎಂಆರ್‌ಐ ಬರೆಸುವಾಗ 'ಪೆಕ್ಟೊರಾಲಿಸ್' ಎಂದು ಸ್ಪಷ್ಟವಾಗಿ ನಮೂದಿಸಲು ಹೇಳಿ. ಮಾಮೂಲಿ ಭುಜದ ಸ್ಕ್ಯಾನ್‌ನಲ್ಲಿ ಆ ಜಾಗ ಪೂರ್ತಿ ಬರುವುದಿಲ್ಲ.