ಸಲಿಂಗ ಜೋಡಿಗಳ ನಾಗರಿಕ ವಿವಾಹವನ್ನು ಕ್ರೈಸ್ತರೆಲ್ಲರೂ ವಿರೋಧಿಸುತ್ತಾರೆಯೇ?

ಇಲ್ಲ. ಚರ್ಚಿನ ಸಂಸ್ಕಾರವಾದ ಮದುವೆ ಬೇರೆ, ಸರ್ಕಾರ ನೋಂದಾಯಿಸುವ ಮದುವೆ ಬೇರೆ. ಆಸ್ತಿಯ ಹಕ್ಕು, ಆಸ್ಪತ್ರೆಯಲ್ಲಿ ಸಂಗಾತಿಯ ಪರವಾಗಿ ಸಹಿ ಹಾಕುವ ಅಧಿಕಾರ ಎರಡನೆಯದಕ್ಕೆ ಸೇರಿದವು, ಅವನ್ನು ನಿರಾಕರಿಸಲು ಧರ್ಮಬೋಧೆ ಆಧಾರವಾಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯಾಥೊಲಿಕ್ ಚರ್ಚು ಮದುವೆಯೆಂದರೆ ಗಂಡು-ಹೆಣ್ಣಿನ ಬಂಧವೆಂದೇ ಬೋಧಿಸುತ್ತದೆ. 2023ರ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದೆಂದು ವ್ಯಾಟಿಕನ್ ಒಪ್ಪಿದಾಗಲೂ, ಮದುವೆಗೆ ಸಲ್ಲುವ ಉಡುಪಾಗಲಿ ಮಾತಾಗಲಿ ಅಲ್ಲಿ ಇರಕೂಡದೆಂದು ವಿಧಿಸಿತು. ಸ್ವೀಡನ್ನಿನ ಲೂಥರನ್ (ಪ್ರಾಟೆಸ್ಟಂಟ್ ಪಂಗಡದ) ಚರ್ಚಾದರೋ 2009ರಿಂದಲೇ ಇವರ ಮದುವೆಗಳನ್ನು ನೆರವೇರಿಸುತ್ತಿದೆ. ಜನಸಾಮಾನ್ಯರ ನಿಲುವು ಧರ್ಮಗುರುಗಳದ್ದೇ ಆಗಿರಬೇಕೆಂದೂ ಇಲ್ಲ: ಕ್ಯಾಥೊಲಿಕರೇ ಬಹುಸಂಖ್ಯಾತರಾಗಿರುವ ಐರ್ಲೆಂಡಿನಲ್ಲಿ, ಬಿಷಪರ ವಿರೋಧದ ನಡುವೆಯೂ, 2015ರ ಜನಮತಗಣನೆಯಲ್ಲಿ ಸುಮಾರು ಶೇ. 62ರಷ್ಟು ಮತಗಳು ಸಲಿಂಗ ವಿವಾಹದ ಹಕ್ಕಿನ ಪರವಾಗಿ ಬಿದ್ದವು.